ಶ್ರೀಶೈಲಪ್ಪನ ಕೈ ಏಕೆ ಏಳುತ್ತಿತ್ತು

ನಮ್ಮೂರು ಸೊರಡಿಯಲ್ಲಿ ಒಬ್ಬನ ಕಾಲು ಬಾತರೆ ಮುಳ್ಳು ಎಲ್ಲಿ ಚುಚ್ಚಿತು ಎಂದು ಕೇಳುತ್ತೇವೆ. ಹೊಟ್ಟೆ ನೊಂದರೆ ಏನು ತಿಂದೆ ಎಂದು ಕೇಳುತ್ತೇವೆ. ಮನಸ್ಸು ನೊಂದರೆ ಮಾತ್ರ ಏನನ್ನೂ ಕೇಳುವುದಿಲ್ಲ. ಇದು ದೆವ್ವದ ಕಾಟ ಎಂದು ನಾವೇ ತೀರ್ಮಾನಿಸಿ, ಕೆಂಡದಲ್ಲಿ ಕಬ್ಬಿಣ ಕಾಯಲು ಇಡುತ್ತೇವೆ. ಇದನ್ನು ಊರಿನ ಮೇಲೆ ಹಾಕಿ ನಾನು ಜಾರಿಕೊಳ್ಳುವುದಿಲ್ಲ. ಈ ಕಥೆಯಲ್ಲಿ ಕಬ್ಬಿಣ ಕಾಯಿಸುವವನನ್ನು ಕರೆತಂದವನು ನಾನೇ, ತಮ್ಮಣ್ಣ. ಬೈಯುವವರು ಬೈಯಲಿ, ಆದರೆ ಕೊನೆಯವರೆಗೂ ಕೇಳಿ ಬೈಯಲಿ.

ಶ್ರೀಶೈಲಪ್ಪ ನನ್ನ ಓರಗೆಯವನು, ಪಕ್ಕದ ಮನೆಯವನು. ಜತ್ತ ಸಂಸ್ಥಾನವಾಗಿದ್ದ ಕಾಲದಲ್ಲಿ ಅವನು ಅಲ್ಲಿಯ ಕಚೇರಿಯ ಮುಂದೆ ತಾಸು ಬಾರಿಸುವ ಕೆಲಸದಲ್ಲಿದ್ದ. ಬಾಗಿಲ ಬದಿಯ ಮೊಳೆಗೆ ಕಂಚಿನ ದಪ್ಪ ತಟ್ಟೆಯೊಂದು ತೂಗುತ್ತಿತ್ತು. ಒಳಗಿನ ಗಡಿಯಾರ ನೋಡಿ, ಕಟ್ಟಿಗೆಯ ಕೊಡತಿಯಿಂದ ಎಂಟಾದರೆ ಎಂಟು ಪೆಟ್ಟು, ಹನ್ನೆರಡಾದರೆ ಹನ್ನೆರಡು ಪೆಟ್ಟು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಹತ್ತೊಂಬತ್ತು ವರ್ಷ ಇದೇ ಕೆಲಸ. ೧೯೪೮ರಲ್ಲಿ ಸಂಸ್ಥಾನ ವಿಲೀನವಾಯಿತು. ರಾಜರ ಕಾಲ ಮುಗಿದು ನಮ್ಮ ಕಾಲ ಬಂತೆಂದು ನಾವೆಲ್ಲ ಸಕ್ಕರೆ ಹಂಚಿದೆವು. ಆ ಬೇಸಿಗೆಯಲ್ಲೇ ತಾಸು ಬಾರಿಸುವುದೂ ನಿಂತಿತು. ಶ್ರೀಶೈಲಪ್ಪ ರುಮಾಲು ಸುತ್ತಿಕೊಂಡು ಊರಿಗೆ ಬಂದ, ಹೊಲಕ್ಕೆ ಇಳಿದ. ಹೆಂಡತಿಯ ಕಣ್ಣ ಮುಂದೆಯೇ ಇರುತ್ತಾನೆ, ಒಳ್ಳೆಯದೇ ಆಯಿತು ಎಂದೆವು.

ಮರುವರ್ಷದ ಬೇಸಿಗೆಯಲ್ಲಿ ಅದು ಶುರುವಾಯಿತು. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ನಿಮಗೆ ಗೊತ್ತೇ ಇದೆ. ದೂರದ ಗುಡ್ಡ ಬಿಸಿಲಲ್ಲಿ ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಇಲ್ಲದ ಕೆರೆ ಕಾಣುತ್ತದೆ. ಕುಳಿತವನು ನಿದ್ದೆಯಲ್ಲಿದ್ದಾನೋ ಎಚ್ಚರದಲ್ಲಿದ್ದಾನೋ ಅವನಿಗೇ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಶ್ರೀಶೈಲಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕಣ್ಣು ತೆರೆದೇ ಎಲ್ಲೋ ಹೋಗಿಬಿಟ್ಟಿರುತ್ತಿದ್ದ. ಇದ್ದಕ್ಕಿದ್ದಂತೆ ಅವನ ಬಲಗೈ ಹೆಗಲ ಮಟ್ಟಕ್ಕೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಮತ್ತೆ ಏಳುತ್ತಿತ್ತು. ಬರಬರುತ್ತ ಬೆಳಗಿನ ಹೊತ್ತೂ ಏಳತೊಡಗಿತು. ಒಂದು ದಿನ ನಾನು ಜತ್ತದ ಮೋಟಾರಿನ ಕಂಡಕ್ಟರನ ಕೈಗಡಿಯಾರ ಇಸಿದುಕೊಂಡು ಬಂದು ಎದುರಿಗೆ ಕುಳಿತೆ. ಹತ್ತಕ್ಕೆ ಸರಿಯಾಗಿ ಕೈ ಹತ್ತು ಸಲ ಎದ್ದಿತು. ಹನ್ನೊಂದಕ್ಕೆ ಹನ್ನೊಂದು ಸಲ.

ಅಲ್ಲಿಂದ ಅದು ಊರಿಗೆ ತಮಾಷೆಯಾಯಿತು. ಹಾದಿಯಲ್ಲಿ ಹೋಗುವವರು "ಶ್ರೀಶೈಲಪ್ಪಾ, ಎಷ್ಟ ಆತೋ ಈಗ?" ಎಂದು ಕೇಳಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅವನು ಮಾತು ಕಡಿಮೆ ಮಾಡಿದ, ರೊಟ್ಟಿ ಅರ್ಧಕ್ಕೆ ಬಿಟ್ಟು ಏಳತೊಡಗಿದ. ಒಂದು ಬೆಳಿಗ್ಗೆ ಎತ್ತು ಹೂಡಿ ಬಾವಿಯಿಂದ ನೀರೆತ್ತುತ್ತಿದ್ದಾಗ, ಹನ್ನೊಂದರ ಹೊತ್ತಿಗೆ ಅವನ ಕೈ ಹಗ್ಗ ಬಿಟ್ಟಿತು. ತುಂಬಿದ ಚರ್ಮದ ಚೀಲ ಧಡ್ಡನೆ ಒಳಗೆ ಬಿತ್ತು. ಎತ್ತುಗಳು ಹಿಂದಕ್ಕೆ ಜಗ್ಗಿಕೊಂಡು ಹೋಗಿ ಬಾವಿಯ ಅಂಚಿನಲ್ಲಿ ನಿಂತವು. ಇನ್ನೊಂದು ಗೇಣು ಸರಿದಿದ್ದರೆ ಎತ್ತೂ ಇಲ್ಲ, ಅವನೂ ಇಲ್ಲ.

ಅವನ ಹೆಂಡತಿ ಸಿದ್ದಲಿಂಗವ್ವ ಅಂದು ನನ್ನ ಮನೆಗೆ ಓಡಿಬಂದಳು. ನಾನು ಊರಿಗೆಲ್ಲ ಬುದ್ಧಿ ಹೇಳುವವನು, ಹೇಳಿಯೇಬಿಟ್ಟೆ.

"ಸಿದ್ದಲಿಂಗವ್ವಾ, ಅವನ ಕೈಯಾಗ ಏನೋ ಸೇರೈತಿ. ಯಳವಿ ಕಡೆ ಒಬ್ಬ ಮುದುಕ ಅದಾನ, ಕಬ್ಬಿಣ ಕಾಸಿ ಬರಿ ಕೊಡತಾನ. ಮಣಿಕಟ್ಟಿಗೆ ಒಂದ ಸಲ ಕೊಟ್ನಂದ್ರ ಮುಗೀತು, ಬಿಟ್ಟ ಓಡತೈತಿ. ಬರೂ ಸೋಮವಾರ ಕರಕೊಂಡ ಬರ್ತೀನಿ."

ಅವಳ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಇಂದುಬಾಯಿ ಎಂಬ ಅಕ್ಕೋರು ಬಾಡಿಗೆಗಿದ್ದರು. ಊರಿನ ಸಾಲೆಗೆ ಕಲಿಸಲು ಬಂದು ಆರು ತಿಂಗಳಾಗಿತ್ತು. ಮನೆಮಾತು ಮರಾಠಿ, ಆದರೆ ನಮ್ಮ ಮಾತನ್ನೂ ನಮ್ಮ ಹಾಗೆಯೇ ಆಡುವವರು. ಮರುದಿನ ಅಂಗಳದಲ್ಲಿ ಸಿದ್ದಲಿಂಗವ್ವ ಜೋಳ ಹಸನು ಮಾಡುತ್ತಿದ್ದಳು, ನಾನೂ ಅಲ್ಲೇ ಕುಳಿತಿದ್ದೆ.

"ಅಕ್ಕೋರ, ಸೋಮವಾರ ಇವರಿಗಿ ಬರಿ ಕೊಡಸ್ತೀವ್ರಿ," ಎಂದಳು ಅವಳು.

"ಕೈ ಸುಟ್ರ ಆಮ್ಯಾಲ ಅವರು ಮೇಟಿ ಹಿಡಿಯೂದು ಹ್ಯಾಂಗ್ರಿ?" ಎಂದರು ಇಂದುಬಾಯಿ.

ಸಿದ್ದಲಿಂಗವ್ವ ಮೊರ ಕೇರುವುದನ್ನು ನಿಲ್ಲಿಸಿದಳು. ನಾನು ನಡುವೆ ಬಾಯಿ ಹಾಕಿದೆ.

"ಅಕ್ಕೋರ, ನೀವು ಪುಸ್ತಕ ಓದಿದವ್ರು. ಇದು ಪುಸ್ತಕದಾಗ ಬರೂದಿಲ್ರಿ."

"ಬರತದ್ರಿ ತಮ್ಮಣ್ಣಾರ. ಟ್ರೇನಿಂಗದಾಗ ನಮಗ ಮಾನಸಶಾಸ್ತ್ರ ಅಂತ ಒಂದ ವಿಷಯ ಇತ್ತು. ಮನಷ್ಯಾ ಹ್ಯಾಂಗ ನಡಕೋತಾನ, ಯಾಕ ಹಂಗ ನಡಕೋತಾನ ಅಂತ ತಿಳಕೊಳ್ಳೋ ವಿದ್ಯಾ ಅದು. ಕಾರಣಿಲ್ದ ಯಾರೂ ಏನೂ ಮಾಡೂದಿಲ್ಲ ಅಂತದ ಅದು."

"ಕಾರಣಿಲ್ದ ಮಾಡೂದಿಲ್ಲೇನ್ರಿ? ಹಂಗಾರ ನಮ್ಮ ಎಮ್ಮಿ ಎಂಟ ದಿನದಿಂದ ಒದ್ಯಾಕ ಹತ್ತೈತಿ. ಯಾಕ ಹೇಳ್ರಿ ನೋಡೂಣು."

"ಕೆಚ್ಚಲ ನೋಡೀರೇನು?"

ನಾನು ನೋಡಿರಲಿಲ್ಲ. ಸಂಜೆ ಹೋಗಿ ನೋಡಿದೆ, ಮೊಲೆ ಬಿರುಕು ಬಿಟ್ಟು ಕೆಂಪಾಗಿತ್ತು. ಎಂಟು ದಿನ ಆ ಮೂಕಪ್ರಾಣಿಗೆ ಬೆತ್ತದಿಂದ ಹೊಡೆದಿದ್ದೆ. ಬೆಣ್ಣೆ ಹಚ್ಚಿದೆ, ಆದರೆ ಅಕ್ಕೋರ ಮುಂದೆ ಆ ಮಾತು ಎತ್ತಲಿಲ್ಲ. ಸೋಲೊಪ್ಪುವ ಗುಣ ನನ್ನದಲ್ಲ.

ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ಮಧ್ಯಾಹ್ನ ತಮಗೆ ಕೊಡಬೇಕೆಂದು ಇಂದುಬಾಯಿ ಸಿದ್ದಲಿಂಗವ್ವನನ್ನು ಕೇಳಿಕೊಂಡರು. ಬೇಸಿಗೆಯಲ್ಲಿ ಸಾಲೆ ಬೆಳಗಿನ ಹೊತ್ತು ಮಾತ್ರ. ಊಟವಾದ ಮೇಲೆ ಅವರು ಒಂದು ಬುಟ್ಟಿ ಶೇಂಗಾ ಇಟ್ಟುಕೊಂಡು ಶ್ರೀಶೈಲಪ್ಪನಿಂದ ಮಾರು ದೂರದಲ್ಲಿ ಕಟ್ಟೆಯ ಮೇಲೆ ಕೂತು ಒಡೆಯುತ್ತಿದ್ದರು. ಕೈ ಎದ್ದರೆ ನೋಡುತ್ತಿರಲಿಲ್ಲ, ಎಣಿಸುತ್ತಿರಲಿಲ್ಲ. ಮೊದಲ ದಿನ ಅವನು ಬಾಯಿ ಬಿಡಲಿಲ್ಲ. ಎರಡನೆಯ ದಿನ ತಾನೂ ನಾಲ್ಕು ಶೇಂಗಾ ಒಡೆದ. ಮೂರನೆಯ ದಿನ "ಬಿಸಲ ಭಾಳ ಐತ್ರಿ" ಎಂದ. ನಾಲ್ಕನೆಯ ದಿನ ಜತ್ತದ ಬಿಸಿಲಿನ ಮಾತು ತೆಗೆದ. ಇದೇನು ಔಷಧವೋ ಎಂದು ನಾನು ನನ್ನ ಅಂಗಳದಿಂದ ನೋಡಿ ನಕ್ಕೆ.

ಸೋಮವಾರ ಯಳವಿಯ ಮುದುಕನನ್ನು ಗಾಡಿಯಲ್ಲಿ ಕರೆತಂದೆ. ಅವನು ಅಂಗಳದಲ್ಲಿ ಕೆಂಡ ಹರಡಿ ಕಬ್ಬಿಣ ಇಟ್ಟ. ಮೂರು ಗಂಟೆ ಆಗುತ್ತ ಬಂದಿತ್ತು. ಶ್ರೀಶೈಲಪ್ಪನನ್ನು ಹೊರಗೆ ಕರೆಯಲು ನಾನು ಪಡಸಾಲೆಯ ಬಾಗಿಲಿಗೆ ಹೋದೆ. ಒಳಗಿನಿಂದ ಅವನ ಧ್ವನಿ ಕೇಳಿತು. ಅಷ್ಟು ಮಾತು ಅವನ ಬಾಯಲ್ಲಿ ಕೇಳಿ ಎಷ್ಟೋ ದಿನವಾಗಿತ್ತು. ಕಾಲು ಅಲ್ಲೇ ನಿಂತಿತು.

"ಒಂದ ಪೆಟ್ಟ ಹೊಡದ್ರ ದನಿ ಮೈದಾನ ದಾಟಿ ಹೋಗತಿತ್ತ್ರಿ," ಎನ್ನುತ್ತಿದ್ದ ಅವನು. "ಪ್ಯಾಟಿ ಮ್ಯಾಲ ಹಾದು, ಗುಡ್ಡಕ್ಕ ಮುಟ್ಟಿ, ತಿರುಗಿ ಬರತಿತ್ತು. ಅದು ಬರೂತನಕ ನಾ ಕಣ್ಣ ಮುಚ್ಚಿ ನಿಂದರತಿದ್ನಿ. ಹತ್ತ ಬಡದ್ರ ಕಾರಕೂನ್ರು ಬರವ್ರು. ಹನ್ನೆರಡ ಬಡದ್ರ ಮನಿಮನ್ಯಾಗ ತಾಟ ಇಡವ್ರು. ನನ್ನ ಹೆಸರ ಯಾರಿಗೂ ಗೊತ್ತಿದ್ದಿಲ್ರಿ. ಆದ್ರ ಊರೆಲ್ಲ ನನ್ನ ಕೈ ಕೇಳತಿತ್ತು."

"ಕಡೀ ದಿನ ಏನಾತ್ರಿ?" ಎಂದು ಇಂದುಬಾಯಿ ಮೆಲ್ಲಗೆ ಕೇಳಿದರು.

"ಇದು ಕಡೀ ದಿನ ಅಂತ ಯಾರೂ ಹೇಳಲಿಲ್ರಿ. ಮುಂಜಾನಿ ಹೋದ್ನಿ, ಮೊಳಿ ಖಾಲಿ ಇತ್ತು. ಇನ್ನ ಬ್ಯಾಡ, ಮನಿಗಿ ಹೋಗಪಾ ಅಂದ್ರು. ನಾ ಹೋಗಲಿಲ್ಲ. ಅಲ್ಲೇ ಗ್ವಾಡಿಗಿ ನಿಂತ್ನಿ. ಹೊತ್ತ ನೆತ್ತಿ ಮ್ಯಾಲ ಬಂತು. ಯಾರೂ ಬಾರಸಲಿಲ್ಲ." ಅವನು ತಲೆಯ ರುಮಾಲು ಬಿಚ್ಚಿ ಕೈಗೆ ತೆಗೆದುಕೊಂಡ. "ಆದ್ರೂ ಮಧ್ಯಾಹ್ನ ಆತ್ರಿ. ಎಲ್ಲಾರೂ ಉಣ್ಣಾಕ ಹ್ವಾದ್ರು. ನಾ ಇಲ್ದನs ಮಧ್ಯಾಹ್ನ ಆತು."

ಆಮೇಲೆ ಅವನು ಅತ್ತ. ನಲವತ್ತೈದು ವರ್ಷದ ಗಂಡಸು, ಮುಖಕ್ಕೆ ರುಮಾಲು ಒತ್ತಿಕೊಂಡು ಅತ್ತ. ಅಳುತ್ತಿದ್ದಂತೆಯೇ ಅವನ ಕೈ ಏಳತೊಡಗಿತು. ನಾನು ಎಣಿಸಲಿಲ್ಲ. ಬಿಸಿಲು ಹೊಸ್ತಿಲವರೆಗೆ ಬಂದು ನಿಂತಿತ್ತು, ಅದರಾಚೆ ಗುಡ್ಡ ಕರಗುತ್ತಿತ್ತು. ಆ ನಿಶ್ಶಬ್ದದಲ್ಲಿ ಎಲ್ಲೋ ಬಹಳ ದೂರದಲ್ಲಿ ನನಗೂ ಕಂಚಿನ ದನಿ ಕೇಳಿಸಿದಂತಾಯಿತು. ಅದು ನಮ್ಮ ಹೊಲಗಳ ಮೇಲೆ ಹಾದು ಗುಡ್ಡಕ್ಕೆ ಮುಟ್ಟಿತು, ತಿರುಗಿ ಬಂತು. ಬಿಸಿಲು ತಲೆಗೇರಿತ್ತೋ ಏನೋ, ಹೇಳಲಾರೆ. ಆದರೆ ಅವನು ಇಷ್ಟು ದಿನ ಎಲ್ಲಿ ಹೋಗಿರುತ್ತಿದ್ದ ಎಂಬುದು ನನಗೆ ಆ ಹೊತ್ತು ಕಂಡಿತು. ನನಗೆ ತುಂಬ ನಾಚಿಕೆಯಾಯಿತು.

"ಕಬ್ಬಿಣ ಕೆಂಪಾಗೈತಿ, ಲಗೂನ ಕರಕೊಂಡ ಬರ್ರಿ," ಎಂದು ಮುದುಕ ಅಂಗಳದಿಂದ ಕೂಗಿದ.

ಸಿದ್ದಲಿಂಗವ್ವ ಬಾಗಿಲಿಗೆ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಏನ ಮಾಡ್ಲ್ರಿ ಅಕ್ಕೋರ? ಸುಡಬ್ಯಾಡ ಅಂತ ನನಗೂ ಅನಸ್ತೈತಿ. ಆದ್ರ ಬಾವಿ ಕಟ್ಟಿ ಮ್ಯಾಲ ಮತ್ತ ಕೈ ಬಿಟ್ರ ಇವರ ಜೀವಾನs ಹೋಗತೈತಿ."

"ಸಿದ್ದಲಿಂಗವ್ವಾ, ನೀವು ಒಂದ ಎತ್ತ ಮಾರ್ತೀರಿ ಅಂತ ತಿಳ್ಕೋರಿ," ಎಂದರು ಇಂದುಬಾಯಿ. "ಹಗ್ಗ ಬಿಚ್ಚಿದ್ರ ಅದು ಎಲ್ಲಿಗಿ ಬರತದ?"

"ನಮ್ಮ ಮನಿಗೇ ಬರತೈತ್ರಿ. ಮೇವ ತಿಂದ ಹಳೇ ಗ್ವಾದಲಿಗಿ."

"ಅದಕ್ಕ ದೆವ್ವ ಬಡದದ ಅಂತೀರೇನು? ಹತ್ತೊಂಬತ್ತ ವರ್ಷ ಈ ಕೈ ಒಂದ ಕೆಲಸ ಮಾಡೇದ. ಇನ್ನ ಸಾಕು ಅಂತ ಅದಕ್ಕ ಯಾರೂ ನೆಟ್ಟಗ ಹೇಳಿಲ್ಲ. ಅದು ಹಳೇ ಗ್ವಾದಲಿ ಹುಡಕಾಕ ಹತ್ತದ."

ನನ್ನೊಳಗಿನ ಅನುಮಾನ ಇನ್ನೂ ಸತ್ತಿರಲಿಲ್ಲ. "ಹಂಗಾರ ಸಂಸ್ಥಾನದ ಕೆಲಸ ಹ್ವಾದವ್ರು ಇನ್ನೂ ಭಾಳ ಮಂದಿ ಅದಾರಲ್ರಿ. ಅವರ ಕೈ ಯಾಕ ಏಳೂದಿಲ್ಲ?" ಎಂದೆ.

"ಮಳಿ ಒಂದs ತಮ್ಮಣ್ಣಾರ. ಒಂದ ಹೊಲದಾಗ ಹರದ ಹೋಗತದ, ಒಂದರಾಗ ಇಂಗತದ. ಮನಷ್ಯಾರೂ ಹಂಗs. ಕೆಲವರು ಅತ್ತು ಬೈದು ಹಗುರ ಆಗ್ತಾರ. ಇವರು ಎಲ್ಲಾ ಒಳಗ ಇಂಗಿಸಿಕೊಂಡವ್ರು. ಅದು ಅವರ ಸ್ವಭಾವ, ತಪ್ಪಲ್ಲ." ಅವರು ಸಿದ್ದಲಿಂಗವ್ವನ ಕಡೆ ತಿರುಗಿದರು. "ನಾ ಡಾಕ್ಟರ ಅಲ್ಲ. ಊಟಾ ನಿದ್ದಿ ಸರಿ ಆಗ್ಲಿಲ್ಲಂದ್ರ ಜತ್ತದ ದವಾಖಾನಿಗಿ ಕರಕೊಂಡ ಹೋಗೂಣು. ಆದ್ರ ಕೈ ಅವರದು. ಸುಡೂದಕ್ಕಿಂತ ಮೊದಲ ಅವರನ್ನ ಒಂದ ಮಾತ ಕೇಳ್ರಿ."

ಆ ಮನೆಯಲ್ಲಿ ಅದನ್ನು ಯಾರೂ ಯೋಚಿಸಿಯೇ ಇರಲಿಲ್ಲ. ಸಿದ್ದಲಿಂಗವ್ವ ಗಂಡನ ಮುಂದೆ ಕುಳಿತಳು. "ಏನ್ರೀ, ನೀವ ಹೇಳ್ರಿ. ಏನ ಮಾಡೂಣು?"

ಶ್ರೀಶೈಲಪ್ಪ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಸುಡಬ್ಯಾಡ್ರಿ. ಈ ಕೈ ಏನೂ ತಪ್ಪ ಮಾಡಿಲ್ಲ," ಎಂದ.

ಅವಳು ಎದ್ದು ಕೊಡದ ನೀರು ತಂದು ಕೆಂಡದ ಮೇಲೆ ಸುರಿದಳು. ಅಂಗಳವೆಲ್ಲ ಆವಿ. ಮುದುಕನನ್ನು ಯಳವಿಗೆ ತಿರುಗಿ ಮುಟ್ಟಿಸುವ ಕೆಲಸವೂ ನನ್ನದೇ ಆಯಿತು. ಗಾಡಿಯಲ್ಲಿ ಅವನು ದಾರಿಯುದ್ದಕ್ಕೂ ನನಗೆ ಮಂಗಳಾರತಿ ಮಾಡಿದ.

ಮರುದಿನವೇ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಂದುಬಾಯಿಯವರ ಮಾತಿನಂತೆ ಅವನನ್ನು ನೋಡಿ ನಗುವುದನ್ನೂ ಎಣಿಸುವುದನ್ನೂ ಬಿಟ್ಟೆವು. ಬಾವಿಯ ಹಗ್ಗವನ್ನು ಸದ್ಯಕ್ಕೆ ನಾನು ಹಿಡಿದೆ. ಸಂಜೆ ಊಟಕ್ಕೆ ಮೊದಲು ಸಿದ್ದಲಿಂಗವ್ವ ಅವನ ಪಕ್ಕ ಕುಳಿತು ಜತ್ತದ ಮಾತು ಕೇಳುತ್ತಿದ್ದಳು. ಹತ್ತೊಂಬತ್ತು ವರ್ಷದ ಮಾತು, ಬೇಗ ಮುಗಿಯುವಂಥದ್ದಲ್ಲ. ಕೆಲವು ದಿನ ಅವನು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದೂ ಉಂಟು. ಆಗಲೂ ಯಾರೂ ಬೈಯಲಿಲ್ಲ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಅವನೇ ಬಾಯಿಬಿಟ್ಟು ಒಂದು ಕೆಲಸ ಕೇಳಿದ. ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಜೋಳದ ಬೀಜ ಬಿಡುತ್ತೇನೆ ಎಂದ. ನಮ್ಮಲ್ಲಿ ಅದು ಹೆಂಗಸರ ಕೆಲಸ, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಇಪ್ಪತ್ತು ದಿನಕ್ಕೆ ಪೈರು ಸಾಲಾಗಿ ನಿಂತಾಗ ನೋಡಿದರೆ ಒಂದು ಕಡೆ ದಟ್ಟವಿಲ್ಲ, ಒಂದು ಕಡೆ ಬೋಳಿಲ್ಲ. ಅಂಥ ಹದದ ಕೈ ಸೊರಡಿಯಲ್ಲಿ ಇನ್ನೊಂದಿಲ್ಲ ಎಂದು ನಕ್ಕವರೇ ಹೇಳಿದರು. ಕೈ ಏಳುವುದು ಪೂರ್ತಿ ನಿಂತಿಲ್ಲ. ಈ ಮಾತಿಗೆ ಐದು ವರ್ಷವಾಯಿತು, ಈಗಲೂ ಅಪರೂಪಕ್ಕೆ ಏಳುತ್ತದೆ. ಎದ್ದರೆ ಅವನೇ ನಕ್ಕು "ಹಳೇ ಧಣ್ಯಾರು ಕರದ್ರು ನೋಡಪಾ" ಎಂದು ಕೆಲಸಕ್ಕೆ ತಿರುಗುತ್ತಾನೆ.

ಆ ಮೊದಲ ವರ್ಷದ ಸುಗ್ಗಿ ಮುಗಿದ ಮೇಲೆ ಒಂದು ದಿನ ಹೊಲದ ಬದುವಿನಲ್ಲಿ ನಾವಿಬ್ಬರೇ ಕುಳಿತಿದ್ದೆವು. ಎದೆಯಲ್ಲಿದ್ದದ್ದನ್ನು ಹೇಳಿಬಿಟ್ಟೆ.

"ಶ್ರೀಶೈಲಾ, ಬರಿ ಕೊಡಾಂವನ್ನ ಕರಕೊಂಡ ಬಂದಾಂವ ನಾನs."

"ಗೊತ್ತೈತಿ."

"ಸಿಟ್ಟ ಇಲ್ಲೇನು?"

ಅವನು ದೂರದ ಗುಡ್ಡವನ್ನೇ ನೋಡುತ್ತಿದ್ದ. "ಸಿಟ್ಟ ಇಲ್ಲಪಾ. ಆದ್ರ ಬಾಜೂ ಮನ್ಯಾಗs ಇದ್ದಿ. ಏನಾಗೇತೋ ಅಂತ ನೀ ಒಮ್ಮಿ ಕೇಳಬೇಕಾಗಿತ್ತು."

ನಾನು ಅವನ ಪಕ್ಕಕ್ಕೆ ಸರಿದು ಕುಳಿತೆ. ಈಗ ಅವನ ಆ ಮಾತನ್ನೇ ನಿಮಗೆ ಹೇಳುತ್ತಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದಕ್ಕಿದ್ದಂತೆ ಮೌನವಾದವರು ಇರಬಹುದು. ವಿನಾಕಾರಣ ಸಿಡುಕುವ ಸೊಸೆ, ಊಟ ಬಿಟ್ಟ ಮುದುಕ, ಕೆಲಸದಲ್ಲಿ ಕೈ ಓಡದ ಮಗ ಇರಬಹುದು. ಅವರನ್ನು ಸೋಮಾರಿ ಎನ್ನಬೇಡಿ, ಹುಚ್ಚ ಎನ್ನಬೇಡಿ, ದೆವ್ವ ಹಿಡಿದವಳು ಎನ್ನಬೇಡಿ. ಮೈ ಸುಡುವ, ಕಟ್ಟಿಹಾಕುವ ಮಾತಂತೂ ಬೇಡವೇ ಬೇಡ. ಕಾಯಿಲೆ ಹೆಚ್ಚಿದರೆ ದವಾಖಾನೆಗೆ ಕರೆದೊಯ್ಯಿರಿ. ಅದಕ್ಕೂ ಮೊದಲು ಇವತ್ತು ಸಂಜೆಯೇ ಅವರ ಪಕ್ಕದಲ್ಲಿ ಕುಳಿತು, ಏನಾಗಿದೆ ಎಂದು ಮೆಲ್ಲಗೆ ಕೇಳಿ. ಇವತ್ತು ಉತ್ತರ ಬರದಿದ್ದರೆ ಬೇಸರಿಸಬೇಡಿ, ನಾಳೆಯೂ ಹೋಗಿ ಕುಳಿತುಕೊಳ್ಳಿ.