ರಾಗಿ ಹರವಿದ ರಸ್ತೆ

ಟಾರು ಈಗಿನ್ನೂ ಕಾಯ್ತಾ ಐತೆ, ಅಂಗಾಲಿಗೆ ಹಿತ, ಬಿಸಿಲು ಏರೋದ್ರೊಳಗೆ ರಾಗಿ ಹರವಿ ಮುಗಿಸ್ಬೇಕು, ಅರ್ಧ ರಸ್ತೆ ನಮ್ಗೆ, ಅರ್ಧ ಗಾಡಿಗಳಿಗೆ, ನಡುವೆ ಸಾಲಾಗಿ ಕಲ್ಲು — ಕಲ್ಲಿಡದಿದ್ರೆ ಬಸ್ಸಿನೋರು ರಾಗಿ ಮೇಲೇ ಹತ್ತಿಸ್ಕೊಂಡು ಹೋಗ್ತಾರೆ — ಲೇ ಗಗನಾ, ಒಂದು ಕಲ್ಲು ಎತ್ಕೊಂಡ್ ಬಾರೇ ಅಂದ್ರೆ ಜಾಲಿಗಿಡದ ಹಿಂದೆ ನಿಂತವ್ಳೆ, ಯೂನಿಫಾರಂ ಹಾಕ್ಕೊಂಡು, ಬ್ಯಾಗು ಏರಿಸ್ಕೊಂಡು, ಕಲ್ಲೂ ಮುಟ್ಟಲ್ಲ, ನನ್ನ ಸ್ಕೂಟಿನೂ ಹತ್ತಲ್ಲ, ಸುಗ್ಗಿ ಶುರುವಾದಾಗಿಂದ ಇದೇ ಗೋಳು, ಮಳೆಗಾಲದಲ್ಲಿ ಚೆನ್ನಾಗೇ ಸ್ಕೂಲಿಗೆ ಹೋಗ್ತಿದ್ಲಲ್ಲ, ಇವತ್ತೂ ಬರದಿದ್ರೆ ಹೆಸರು ತೆಗೀತೀವಿ ಅಂತ ಹೆಡ್‌ಮೇಷ್ಟ್ರು ನನ್ನ ಮುಖಕ್ಕೇ ಅಂದವ್ರೆ, ತೆಗೆದ್ರೆ ಇನ್ಯಾವ ಸ್ಕೂಲಿನ ಬಾಗ್ಲು ತಟ್ಲಿ, ಮೈದುನ ಓಂಕಾರೇಶಂಗೇನು, ಮಿಲಿಟ್ರಿಲಿದ್ದು ಮಣಿಪುರದ ಹುಡುಗೀನೇ ಮದುವೆ ಆದ, ಅಲ್ಲಿನ ಗಲಾಟೇಲಿ ಮನೆ ಸುಟ್ಟೋಯ್ತು, ಹೆಂಡತಿ ತಮ್ಮನ್ನೂ ಕೊಂದ್ರು, ಮಗಳು ಇವ್ಳನ್ನ ತಂದು, ನೋಡ್ಕೊಳ್ಳಿ ಅತ್ತಿಗೆ, ಏನು ಕಂಡ್ಲೋ ಕೇಳ್ಬೇಡಿ, ತಾನಾಗೇ ಹೇಳ್ತಾಳೆ ಅಂದು ಹೊರಟ. ಕಡೂರಿನ ಡಾಕ್ಟ್ರಮ್ಮನದೂ ಅದೇ ರಾಗ, ಬಲವಂತ ಬೇಡ, ಮಕ್ಕಳು ಗಟ್ಟಿ ಇರ್ತಾರೆ ಅಂತ, ಎಷ್ಟು ಗಟ್ಟಿ ತಾಯಿ, ಮುದ್ದೆ ನುಂಗೋದು ಕಲಿತ್ಲು, ದನಕ್ಕೆ ನೀರು ಕುಡಿಸ್ತಾಳೆ, ರಸ್ತೆಗೆ ಬಂದ್ರೆ ಮಾತ್ರ ಮರಗಟ್ಟಿ ಹೋಗ್ತಾಳೆ, ಮೈಗಳ್ಳತನ ಕಣೇ ನಿಂದು ಅಂತ ಈಗ ತಾನೇ ಬೈದೆ, ಬೈದ್ರೂ ಅಳಲ್ಲ, ಅದಕ್ಕೇ ಮೈಯೆಲ್ಲಾ ಉರಿಯೋದು ನಂಗೆ.

ಬಸವರಾಜಪ್ಪನ ಟೆಂಪೋ, ಕಲ್ಲು ಕಂಡು ನಿಧಾನ ಮಾಡ್ದ, ಏನಕ್ಕಾ ಈ ಸಲ ಇಳುವರಿ ಹೆಂಗೆ ಅಂತ ಬಾಗ್ಲು ತೆಗೆದು ಕಾಲು ಕೆಳಗಿಡ್ತಾನೆ — ಜಾಲಿ ಹಿಂದಿಂದ ಓಡ್ಬಂದ್ಲು, ರಾಗಿ ತುಳ್ಕೊಂಡೇ, ಲೇ ರಾಗಿ ಕಣೇ ಅನ್ನೋದ್ರೊಳಗೆ ಎರಡೂ ಕೈಲಿ ಬಾಗ್ಲು ದಬ್ತಾ ಅವ್ಳೆ, ಇಳೀಬೇಡಿ, ಇಳೀಬೇಡಿ ಮಾಮ, ಹೋಗಿ, ಅವನು ಕಕ್ಕಾಬಿಕ್ಕಿಯಾಗಿ ಕಾಲು ಒಳಗೆಳ್ಕೊಂಡು ಹೊರಟ, ಟೆಂಪೋ ತಿರುವು ದಾಟೋವರೆಗೂ ನೋಡಿದ್ಲು, ಆಮೇಲೆ ನನ್ನ ಕಡೆ ತಿರುಗಿ, ಅಲ್ಲೂ ಹಿಂಗೇ ರಸ್ತೆಗೆ ಕಲ್ಲಿಟ್ಟಿದ್ರು ದೊಡ್ಡಮ್ಮ, ಕಲ್ಲು ಸರಿಸೋಕೆ ನಮ್ಮ ಮಾಮ ಕಾರಿಂದ ಇಳಿದ್ರು, ನಾನು ಒಳಗೇ ಇದ್ದೆ. ಅಷ್ಟೇ. ಹೋಗಿ ಸ್ಕೂಟಿ ಹಿಂದೆ ಕೂತವ್ಳೆ, ಸೀಟು ಬಿಗಿಯಾಗಿ ಹಿಡ್ಕೊಂಡು, ಬನ್ನಿ ದೊಡ್ಡಮ್ಮ ಲೇಟಾಯ್ತು ಅಂತಾಳೆ, ಹೊರಡ್ಬೇಕು, ಕೈಲಿರೋ ಈ ಕಲ್ಲನ್ನ ಸಾಲಿಗಿಡ್ಲಾ, ಹಳ್ಳಕ್ಕೆಸೀಲಾ, ಎಸೆದು ಏನು ಬಂತು, ನಮ್ಮದಾದ ಮೇಲೆ ಸಿದ್ದಪ್ಪಂದು, ಆಮೇಲೆ ಹುಚ್ಚಮ್ಮಂದು, ಇಲ್ಲಿಂದ ಸ್ಕೂಲಿರೋ ಅಜ್ಜಂಪುರದ ತನಕ ಎಲ್ಲರ ರಾಗಿ, ಎಲ್ಲರ ಕಲ್ಲು, ಕಲ್ಲು —