ಮುಷ್ಟಿಯೊಳಗಿನ ಹಸಿರು ಬಟನ್

ಅಕ್ಕ ವನಜಾಕ್ಷಿಯ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಹಸಿರು ಬಟನ್ ಇಟ್ಟು, ಭುವನಾ ಮತ್ತೆ ಮಡಚಿದಳು.

"ಏನೇ ಅದು?" ಅವ್ವ ಗಂಗಲಕ್ಷ್ಮಮ್ಮ ಮೂಗು ಒರೆಸಿಕೊಂಡಳು. "ಕೈಗೆ ಎಲೆ ಅಡಿಕೆ ಇಡ್ಬೇಕು ಕಣೆ."

"ಅವ್ಳದನ್ನ ಅವ್ಳೇ ಒಯ್ಲಿ ಬುಡವ್ವ."

ಅಷ್ಟರಲ್ಲಿ ಎಣ್ಣೆ ಮಿಲ್ಲಿನ ಮ್ಯಾನೇಜರ್ ಅನಿಲ್ ಕುಮಾರ್ ಸುಗಂಧರಾಜದ ಹಾರ ಹಿಡಿದು ಅವರ ಊರು ಬುಕ್ಕಾಪಟ್ಟಣದವರೆಗೂ ಬಂದಿಳಿದ. ಜಗಲಿಯ ಹೆಂಗಸರು ಪಿಸುಗುಟ್ಟಿದರು: "ಇವ್ಳು ಮಾಡಿದ್ ಘನಂದಾರಿ ಕೆಲ್ಸಕ್ಕೆ ಗಿರಿಯಮ್ಮನ ಬೆರಳೇ ಹೋದ್ವು. ಅಂಗಿದ್ರೂ ಬಂದವ್ರೆ ನೋಡು, ದೊಡ್ಡ ಮನ್ಸ." ಬಾಗಿಲ ಮೂಲೆಯಲ್ಲಿ ಕೂತಿದ್ದ, ಅದೇ ಮಿಲ್ಲಿನಲ್ಲಿ ದುಡಿಯುತ್ತಿದ್ದ ಗಿರಿಯಮ್ಮ ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಭುವನಾ ಹಲ್ಲು ಕಚ್ಚಿದಳು. ಅಕ್ಕನ ಮೇಲೆ ಮಣ್ಣು ಮುಚ್ಚುವ ಮುಂಚೆ, ಇವನ ಬಾಯಿಂದಲೇ ನಿಜ ಹೊರಡಬೇಕು.

*

ಮಧುಗಿರಿಯ ಆ ಮಿಲ್ಲಿನಲ್ಲಿ ಯಂತ್ರಗಳನ್ನು ನಡೆಸುವ ಕಂಟ್ರೋಲರ್‌ಗೆ ಪ್ರೋಗ್ರಾಂ ಬರೆದವಳು ವನಜಾಕ್ಷಿ. ಕಂಪ್ಯೂಟರ್ ಮುಟ್ಟುವ ಮುಂಚೆ ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕ ಮನೆಗಳನ್ನು ಬರೆಯುತ್ತಿದ್ದಳು, ಯಂತ್ರದ ಒಂದೊಂದು ಸ್ಥಿತಿಗೆ ಒಂದೊಂದು. 'ನಿಂತಿದೆ', 'ಓಡುತ್ತಿದೆ', 'ಕೆಟ್ಟಿದೆ'. ಯಾವುದರಿಂದ ಯಾವುದಕ್ಕೆ ದಾರಿ ಎಂದು ಬಾಣ ಎಳೆದ ಮೇಲೆಯೇ ಪ್ರೋಗ್ರಾಂ.

"ಕುಂಟೆಬಿಲ್ಲೆ ಆಡ್ತಿದೀರಾ ಮೇಡಂ?" ಅನಿಲ್ ಕುಮಾರ್ ಎಲ್ಲರೆದುರು ನಕ್ಕಿದ್ದ.

"ಕರೆಂಟ್ ಹೋದ್ರೆ ಮಿಷಿನ್ನು ಈ 'ನಿಂತಿದೆ' ಮನೇಲಿ ನಿಲ್ಬೇಕು ಸಾರ್. ಬಂದಾಗ ತಾನಾಗೇ ಓಡಕೂಡ್ದು, ಯಾರ್ದಾದ್ರೂ ಕೈ ಒಳಗಿರ್ತದೆ. ಹಸಿರು ಬಟನ್ ಒತ್ತಿದ್ರೇನೇ ಮುಂದಿನ ಮನೆ."

ಗಳಿಗೆಗೊಮ್ಮೆ ಕರೆಂಟ್ ಹೋಗುವ ಊರು. ಅನಿಲ್ ಕುಮಾರ್ ಹೊರಗಿನವರನ್ನು ಕರೆಸಿ ಬಟನ್ ಒತ್ತುವವರೆಗೆ ತಡೆಯುವ ಆ ಕಟ್ಟಳೆಯನ್ನು ಪ್ರೋಗ್ರಾಂನಿಂದಲೇ ಕೀಳಿಸಿದ. ಬಟನ್ ಬಿಚ್ಚಿ ಬಿಸಾಡಿ, ತೂತಿಗೆ ತಗಡು ಹೊಡೆಸಿದ. ಯಂತ್ರದಲ್ಲಿ ಸಿಕ್ಕಿಕೊಂಡ ಸಿಪ್ಪೆ ಬಿಡಿಸಲು ಗಿರಿಯಮ್ಮ ಕೈ ಹಾಕಿದ್ದಾಗ ಕರೆಂಟ್ ಬಂತು. ಪ್ರೋಗ್ರಾಂ ಬರೆದವಳದೇ ತಪ್ಪು ಎಂದ ಅನಿಲ್ ಕುಮಾರ್. ವನಜಾಕ್ಷಿಯ ಕೆಲಸ ಹೋಯಿತು. ಬೇರೆ ಮಿಲ್ಲಿನವರೂ ಹತ್ತಿರ ಸೇರಿಸಲಿಲ್ಲ. ಕಸದಿಂದ ಆಯ್ದು ತಂದಿದ್ದ ಬಟನ್ನನ್ನು ತಿರುವುತ್ತ ಕೂರುತ್ತಿದ್ದಳು, ಕಾಮಾಲೆ ಹತ್ತಿ ಹಾಸಿಗೆ ಹಿಡಿಯುವವರೆಗೂ.

ಅಕ್ಕನ ಕೈಕೆಳಗೆ ಕೆಲಸ ಕಲಿತಿದ್ದ ಭುವನಾ ಮಾತ್ರ ಮಿಲ್ಲು ಬಿಡಲಿಲ್ಲ. ಸಾವಿನ ಸುದ್ದಿ ಬಂದಾಗ, ಊರಿನ ಬಸ್ಸು ಹತ್ತುವ ಮುಂಚೆ, ಅಕ್ಕನ ಹಳೆಯ ಪ್ರೋಗ್ರಾಂ ಮತ್ತೆ ಹಾಕಿ ಬಂದಿದ್ದಳು.

*

ಹೊಲದ ಗುಂಡಿಗೆ ದೇಹ ಇಳಿಸಿದರು. ಹಿಡಿಮಣ್ಣು ಹಾಕಲು ಅನಿಲ್ ಕುಮಾರನೂ ಚಪ್ಪಲಿ ಬಿಟ್ಟು ಬಗ್ಗಿ ಬಲಮುಷ್ಟಿಯಲ್ಲಿ ಮಣ್ಣು ತುಂಬಿಕೊಂಡ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿ ಕೇಳಿಸಿಕೊಂಡವನು ಭುವನಾಳ ಬಳಿ ಸರಿದ.

"ಕರೆಂಟ್ ಹೋಗಿ ಬಂತಂತೆ. ಒಂದು ಮಿಷಿನ್ನೂ ಏಳ್ತಿಲ್ವಂತೆ. ಏನಮ್ಮ ಮಾಡಿದೀಯ?"

"ಹಸಿರು ಬಟನ್ ಒತ್ಬೇಕು ಸಾರ್."

ಎಂದೂ ದನಿಯೆತ್ತದವಳ ಕೂಗಿಗೆ ಗುದ್ದಲಿಗಳು ನಿಂತವು.

"ಮೆಲ್ಲಗೆ! ಎಲ್ಲಿದೆ ಅದು?"

"ನೀವು ಬಿಸಾಕಿದ್ದು ಅಕ್ಕನ ಮುಷ್ಟೀಲದೆ. ಬೇಕಾದ್ರೆ ಇಳ್ದು ಈಸ್ಕೊಳ್ಳಿ."

"ಬೇರೆ ಹಾಕಿಸ್ತೀನಿ ಬಿಡು."

"ಹಾಕ್ಸಿ. ಮುಂಚೆ ಯಾಕೆ ತೆಗ್ಸಿದ್ರಿ ಅಂತ ಗಿರಿಯಮ್ಮಂಗೆ ಹೇಳ್ಬುಟ್ಟು ಹಾಕ್ಸಿ."

ಎಲ್ಲರ ಕಣ್ಣೂ ಅವನ ಮೇಲೆ. "ಅದು... ಪ್ರತಿ ಸಲ ಒತ್ತೋಕೆ ತಡ ಆಗ್ತಿತ್ತು," ಎಂದುಬಿಟ್ಟ.

"ತಡವಾ?" ಗಿರಿಯಮ್ಮ ಮುಂದೆ ಬಂದಳು. "ತಡ ಆಯ್ತದೆ ಅಂತ ನನ್ ಕೈ ತಿಂದ್ಯಾ? ನಾನು ಈ ಮಗೀಗೆ ಶಾಪ ಹಾಕ್ಕೊಂಡು ಕುಂತಿದ್ನಲ್ಲೋ!"

ಸೆರಗಿನೊಳಗಿಂದ ಬಲಗೈ ತೆಗೆದು ಅವನ ಮುಷ್ಟಿಯ ಕೆಳಗೆ ಒಡ್ಡಿದಳು.

"ಆ ಮಣ್ಣ ಅವ್ಳ ಮ್ಯಾಕೆ ಹಾಕ್ಬ್ಯಾಡ. ಇಲ್ಲಿ ಹಾಕು."

ಮುಷ್ಟಿ ಸಡಿಲವಾಯಿತು. ತಡೆಯಲು ಬೆರಳಿಲ್ಲದ ಅಂಗೈಯಿಂದ ಮಣ್ಣು ಜಾರಿ, ಅವನ ಬರಿಗಾಲ ಮೇಲೆ ಸುರಿಯಿತು.