ಹೊಸ ಆತ್ಮದ ರೊಟ್ಟಿ

ನಸುಕಿನಲ್ಲೇ ಬಸೀಲಿಯಾ ಖಾಲಿ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬೀದಿಯ ಮೂಲೆಗೆ ಬರುವಷ್ಟರಲ್ಲಿ ಲಾರಿಗೆ ಕಾಯುವ ಸಾಲು ಶಾಲೆಯ ಗೋಡೆ ದಾಟಿತ್ತು. ಸಾಲು ಅಂದರೆ ಜನರದ್ದಲ್ಲ, ಸಿಲಿಂಡರುಗಳದ್ದು. ಬೆಟ್ಟದ ಮೇಲಿನ ಊರು ಎಲ್ ಆಲ್ಟೊದ ಚಳಿಯಲ್ಲಿ ರಾತ್ರಿಯಿಡೀ ನಿಲ್ಲುವವರು ಯಾರು? ಹಿಡಿಗಳನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ, ಗುರುತಿಗೊಂದು ಬಟ್ಟೆಚೂರು ಸುತ್ತಿ ಎಲ್ಲರೂ ಮನೆಗೆ ಹೋಗಿಬಿಡುತ್ತಾರೆ. ಸಿಲಿಂಡರ್ ನಿಂತರೆ ಮನುಷ್ಯ ನಿಂತ ಹಾಗೆ. ಎಂಥ ಜಗಳಗಂಟಿಯೂ ಇನ್ನೊಬ್ಬರ ಸಿಲಿಂಡರಿಗೆ ಕೈ ಹಚ್ಚುತ್ತಿರಲಿಲ್ಲ.

ನಾಳೆ ಸತ್ತವರ ಹಬ್ಬ, ಮಧ್ಯಾಹ್ನ ಅವರ ಆತ್ಮಗಳು ಮನೆಗೆ ಬರುತ್ತವೆ. ಗಂಡ ಸಿಪ್ರಿಯಾನೋ ತೀರಿಕೊಂಡ ಮೇಲೆ ಇದು ಮೊದಲ ಹಬ್ಬ. ಹೊಸ ಆತ್ಮಕ್ಕೆ ಮೇಜಿನ ತುಂಬ ರೊಟ್ಟಿ ಇಡಬೇಕು, ಬಂದು ಪ್ರಾರ್ಥಿಸಿದವರಿಗೆಲ್ಲ ಅದನ್ನೇ ಕೊಡಬೇಕು. ಬಾಡಿಗೆ ಒಲೆಗಳಲ್ಲಿ ಸರದಿ ಸಿಕ್ಕಿರಲಿಲ್ಲ. ಮನೆಯಲ್ಲಿ ಹಿಟ್ಟು ಕಲಸಿಟ್ಟಾಗಿತ್ತು, ಗ್ಯಾಸ್ ಇರಲಿಲ್ಲ. 'ನಮ್ಮ ನೆಲದ ಗ್ಯಾಸು ಮೊದಲು ನಮ್ಮ ಒಲೆಗೆ' ಎಂದು ರಸ್ತೆ ತಡೆದು ಕೂತು ಲಾಠಿ ತಿಂದ ಮನುಷ್ಯ ಅವನು. ಅವನ ಮೇಜೇ ಬರಿದಾಗಿದ್ದರೆ ಹೇಗೆ?

ಸಾಲಿನ ಕೊನೆಯಲ್ಲಿ ಕೂತಿದ್ದ ಮುದುಕ ಪೊಲಿಕಾರ್ಪೊ ನಕ್ಕ. "ಬ್ರೆಜಿಲ್‌ಗಾದ್ರೆ ನಮ್ಮ ಗ್ಯಾಸು ಕೊಳವೇಲಿ ಓಡ್ಕೊಂಡು ಹೋಗುತ್ತೆ ಕಣಮ್ಮ. ನಮ್ಮ ಬೀದಿ ಅಂದ್ರೆ ಅದಕ್ಕೆ ಕಾಲು ನೋವು. ಇಷ್ಟು ಹಿಂದೆ ನಿಂತ್ರೆ ನಿನಗೆ ವಾಸ್ನೇನೂ ಸಿಗಲ್ಲ."

ಬಿಸಿಯಾಗಿ ಏನಾದರೂ ಕುಡಿದು ಬರುತ್ತೇನೆಂದು ಅವನು ಎದ್ದುಹೋದ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಸೀಲಿಯಾ ಮುಂದಕ್ಕೆ ನಡೆದಳು. ಶಾಲೆಯ ಗೇಟಿನ ಬಳಿ ಕೆಂಪು ಬಟ್ಟೆ ಸುತ್ತಿದ್ದು ಅದೇ ಬೀದಿಯ ತೋಮಾಸಾಳ ಸಿಲಿಂಡರ್. ಅದನ್ನೇ ಏಕೆ ಆರಿಸಿದಳು? ತೋಮಾಸಾ ಜಗಳಕ್ಕೆ ಬರುವವಳಲ್ಲ, ಅಷ್ಟೇ. ಮೆತ್ತಗೆ ಕಂಡರೆ ಮತ್ತೊಂದು ಗುದ್ದು ಅನ್ನುವುದು ಸುಳ್ಳಲ್ಲ. ಗಂಟು ಬಿಚ್ಚಿ ಅದನ್ನು ಸಾಲಿನ ಬಾಲಕ್ಕೆ ಕಟ್ಟಿದಳು, ತನ್ನದನ್ನು ಅದರ ಜಾಗಕ್ಕೆ ಕಟ್ಟಿದಳು.

ಬೆಳಗಾದ ಮೇಲೆ ಲಾರಿ ಬಂತು. ಬಸೀಲಿಯಾಳ ಹಿಂದೆ ನಾಲ್ಕಾರು ಮಂದಿಗೆ ಸಿಕ್ಕು ಗ್ಯಾಸ್ ಮುಗಿದೇಹೋಯಿತು. ತೋಮಾಸಾ ಬಾಲದಲ್ಲಿದ್ದ ತನ್ನ ಸಿಲಿಂಡರನ್ನೇ ನೋಡುತ್ತ ನಿಂತಳು.

"ನೀನು ಗೇಟಿನ ಹತ್ರ ಕಟ್ಟಿರ್ಲಿಲ್ವೇನೇ?" ಎಂದ ಪೊಲಿಕಾರ್ಪೊ.

"ಹಾಗೇ ಅಂದ್ಕೊಂಡಿದ್ದೆ ಮಾವ. ನಾನೇ ಮರೆತೆ ಅನ್ಸುತ್ತೆ. ಮಗ ಹೋದಾಗಿಂದ ತಲೆ ನೆಟ್ಟಗಿಲ್ಲ."

ನಿಜವನ್ನು ಆಗಲೇ ಹೇಳಬಹುದಿತ್ತು. ಬಸೀಲಿಯಾ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಮನೆಯ ದಾರಿ ಹಿಡಿದಳು.

ಮರುದಿನ ಮಧ್ಯಾಹ್ನ ಮೇಜು ನೋಡುವಂತಿತ್ತು. ಮನುಷ್ಯರ ಆಕಾರದ ರೊಟ್ಟಿ, ಆತ್ಮ ಇಳಿದು ಬರಲು ಏಣಿಯ ಆಕಾರದ ರೊಟ್ಟಿ, ನಡುವೆ ಸಿಪ್ರಿಯಾನೋನ ಫೋಟೋ. ಜನ ಬಂದರು, ಪ್ರಾರ್ಥಿಸಿದರು, ರೊಟ್ಟಿ ಪಡೆದು ಹೋದರು. ಅವರ ನಡುವೆ ಕೈಚೀಲ ಹಿಡಿದು ತೋಮಾಸಾ ಬಾಗಿಲಿಗೆ ಬಂದಳು.

"ಪ್ರಾರ್ಥನೆ ಮಾಡ್ಲಾ ಬಸೀಲಿಯಾಕ್ಕಾ? ನನ್ನ ಮಗ ಫೆರ್ಮಿನ್‌ಗೂ ಇದೇ ಮೊದಲ್ನೇ ಹಬ್ಬ. ಮೇಜಿನ ಮೇಲೆ ಆಲೂಗಡ್ಡೆ ಬಿಟ್ರೆ ಏನೂ ಇಲ್ಲ. ಅದಕ್ಕೇ ಮನೆಮನೆ ಹೋಗ್ತಿದ್ದೀನಿ."

ತೋಮಾಸಾ ಮಂಡಿಯೂರಿ ಒಂದು ಪ್ರಾರ್ಥನೆ ಮುಗಿಸಿದಳು. ಬಸೀಲಿಯಾ ಕೈಗೆ ಸಿಕ್ಕಷ್ಟನ್ನು ಬಾಚಿ ಅವಳ ಚೀಲಕ್ಕೆ ತುರುಕಿದಳು.

"ಅಯ್ಯೋ, ಇಷ್ಟು ಬೇಡ ಅಕ್ಕ. ಒಂದು ಪ್ರಾರ್ಥನೆಗೆ ಇಷ್ಟಾ? ತಡಿ, ಇನ್ನೂ ಒಂದಷ್ಟು ಹೇಳ್ತೀನಿ. ಋಣ ಇಟ್ಕೋಬಾರ್ದು." ತೋಮಾಸಾ ಮತ್ತೆ ಕಣ್ಣು ಮುಚ್ಚಿದಳು. "ಸಿಪ್ರಿಯಾನೋ ಅಣ್ಣನ ಆತ್ಮಕ್ಕೆ..."

ಗಂಡನ ಹೆಸರು ಆ ಬಾಯಲ್ಲಿ ಬಂದಾಗ ಬಸೀಲಿಯಾ ಮೇಜು ಬಿಟ್ಟು ಬಂದಳು. ತೋಮಾಸಾಳ ಪಕ್ಕದಲ್ಲಿ ಕೂತು, ಅವಳ ಕಿವಿಗಷ್ಟೇ ಕೇಳುವ ಹಾಗೆ ಅಂದಳು: "ನೀನು ಮರೆತಿಲ್ಲ ಕಣೆ. ನಿನ್ನ ಸಿಲಿಂಡರ್ ಬಿಚ್ಚಿ ಹಿಂದೆ ಕಟ್ಟಿದ್ದು ನಾನು."

ತೋಮಾಸಾ ತಡವರಿಸಲಿಲ್ಲ. ಸಿಪ್ರಿಯಾನೋನ ಪ್ರಾರ್ಥನೆಯನ್ನು ಪೂರ್ತಿ ಮುಗಿಸಿ, ಶಿಲುಬೆಯ ಗುರುತು ಮಾಡಿಕೊಂಡು ಎದ್ದಳು. ಚೀಲದಿಂದ ರೊಟ್ಟಿಗಳನ್ನು ಒಂದೊಂದಾಗಿ ತೆಗೆದು ಮೇಜಿಗೆ ವಾಪಸ್ಸಿಟ್ಟಳು. ಎರಡನ್ನು ಉಳಿಸಿಕೊಂಡಳು.

"ಎರಡು ಸಲ ಪ್ರಾರ್ಥನೆ ಮಾಡಿದ್ದೀನಿ, ಎರಡು ನನ್ನವು," ಎಂದಳು. "ಮಿಕ್ಕಿದ್ದು ನೀವು ಕೊಟ್ಟಿದ್ದು. ಅದು ನನ್ನ ಮಗನಿಗೆ ಬೇಡ."

ಅವಳು ಹೋದ ಬಾಗಿಲಲ್ಲೇ ಪೊಲಿಕಾರ್ಪೊ ಟೋಪಿ ತೆಗೆದು ಒಳಗೆ ಬಂದ. ಮೇಜನ್ನು ಕಂಡು ಅವನ ಮುಖ ಅರಳಿತು. "ಇಡೀ ಬೀದೀಲಿ ತುಂಬಿದ ಮೇಜು ಅಂದ್ರೆ ನಿಂದೇ ಕಣಮ್ಮ. ಗಂಡನ ಮಾನ ಉಳಿಸ್ದೆ."

ಬಸೀಲಿಯಾ ತೋಮಾಸಾ ವಾಪಸ್ಸಿಟ್ಟ ರೊಟ್ಟಿಗಳಲ್ಲೇ ಒಂದನ್ನು ಎತ್ತಿ, ತಲೆ ತಗ್ಗಿಸಿ ಅವನ ಕೈಗಿಟ್ಟಳು.